ಸೋತವರ ಸಂಬಳ

ನಮ್ಮೂರಲ್ಲಿ ಕಬಡ್ಡಿ ಪಂದ್ಯ ಮುಗಿಯುವ ತನಕ ಹೊತ್ತು ಮುಳುಗುವುದಿಲ್ಲ. ಯಾವುದಾದರೂ ಒಂದು ತಂಡಕ್ಕೆ ನಲವತ್ತನೇ ಪಾಯಿಂಟು ಬೀಳಬೇಕು, ರೆಫ್ರಿ ಉದ್ದಕ್ಕೆ ಸೀಟಿ ಊದಬೇಕು, ಆಗ ಮಿಲ್ಲಿನ ಚಿಮಣಿ ಪಕ್ಕದಲ್ಲಿ ಕಾದು ನಿಂತ ಸೂರ್ಯ ಕೆಳಗಿಳಿಯುತ್ತಾನೆ. ಪಂದ್ಯ ಬೇಗ ಮುಗಿದರೆ ಬೇಗ ಕತ್ತಲೆ, ತಡವಾದರೆ ತಡ. ಹೂ ಮಾರುವವರು ಪಾಯಿಂಟು ಎಷ್ಟಾಯಿತು ಎಂದು ಕೇಳಿಕೊಂಡೇ ಮೊಗ್ಗು ಕಟ್ಟುತ್ತಾರೆ. ಕೊನೆಯ ಬಸ್ಸಿನ ಡ್ರೈವರು ಮೂವತ್ತೈದು ದಾಟುವ ತನಕ ಸೀಟಿನ ಮೇಲೆ ಕೂರುವುದಿಲ್ಲ. ಬೇರೆ ಊರುಗಳಲ್ಲಿ ಹೊತ್ತು ತಾನಾಗಿಯೇ ಮುಳುಗುತ್ತದಂತೆ. ಯಾರೂ ದುಡಿಯದೆ ಸಂಜೆ ಹೇಗಾಗುತ್ತದೋ, ನನಗಂತೂ ತಲೆಗೆ ಹೋಗುವುದಿಲ್ಲ.

ಒಂದು ದಿನ ಗಂಡಸರು ಆಡುತ್ತಾರೆ, ಮಾರನೆಯ ದಿನ ಹೆಂಗಸರು. ಹಿಂದೆ ಗಂಡಸರಷ್ಟೇ ಆಡುತ್ತಿದ್ದರಂತೆ. ಒಂದು ವರ್ಷ ವಿಷಮಶೀತ ಜ್ವರ ಬಂದು ಗಂಡಸರೆಲ್ಲ ಕಂಬಳಿ ಹೊದ್ದು ಮಲಗಿದಾಗ ಹೆಂಗಸರು ಸೆರಗು ಬಿಗಿದು ಅಂಕಣಕ್ಕಿಳಿದರು. ಸೂರ್ಯ ಯಾವ ತಕರಾರೂ ಮಾಡದೆ ಇಳಿದ. ಅವತ್ತಿನಿಂದ ಸರದಿ ಶುರುವಾಯಿತು. ಇದಕ್ಕೆಂದೇ ಊರಿನ ಪ್ರತಿ ಮನೆಯೂ ಸಂಜೆ ಕಂದಾಯ ಕಟ್ಟುತ್ತದೆ. ಆ ದುಡ್ಡನ್ನು ನೋಡಿಕೊಳ್ಳುವುದಕ್ಕೆ ಐದು ಜನರ ಸಂಜೆ ಸಮಿತಿ ಇದೆ, ಅದಕ್ಕೆ ಉಗ್ರಪ್ಪನವರು ಅಧ್ಯಕ್ಷರು. ಹೆಸರಷ್ಟೇ ಉಗ್ರ. ಮನುಷ್ಯ ಎಷ್ಟು ಮೆತ್ತಗೆ ಮಾತಾಡುತ್ತಾರೆಂದರೆ ಅವರು ಇಲ್ಲ ಎಂದದ್ದು ನಮಗೆ ಮನೆಗೆ ಬಂದ ಮೇಲೆ ಗೊತ್ತಾಗುತ್ತಿತ್ತು.

ನಾನು ಸರ್ವಮಂಗಳ. ಕೆರೆಬೀದಿ ಹೆಂಗಸರ ತಂಡದ ಕ್ಯಾಪ್ಟನ್. ಹದಿನಾಲ್ಕು ವರ್ಷದಿಂದ ರೈಡ್ ಮಾಡುತ್ತಿದ್ದೇನೆ. ನನ್ನ ಗಂಡ ಶಾಂತಕುಮಾರ ಗಂಡಸರ ತಂಡದಲ್ಲಿ ಅದೇ ಕೆಲಸ ಮಾಡುತ್ತಾರೆ. ಅಂಕಣ ಒಂದೇ, ಗೆರೆ ಒಂದೇ, ನಲವತ್ತು ಪಾಯಿಂಟೂ ಒಂದೇ. ಪಂದ್ಯ ಮುಗಿದ ಮೇಲೆ ಗುಮಾಸ್ತರು ಪುಸ್ತಕ ಬಿಚ್ಚಿದಾಗ ಮಾತ್ರ ಎಲ್ಲ ಬೇರೆಯಾಗುತ್ತಿತ್ತು. ಗಂಡಸರಿಗೆ ಸಂಬಳ. ಗೆದ್ದವರೂ ಸೋತವರೂ ಸಾಲಾಗಿ ನಿಂತು ರುಜು ಹಾಕಿ ತೆಗೆದುಕೊಳ್ಳುತ್ತಿದ್ದರು. ನಮಗೆ ಗೌರವಧನ. ಅದು ಗಂಡಸರ ಸಂಬಳದ ಅರ್ಧಕ್ಕೂ ಕಡಿಮೆ, ಅದೂ ಗೆದ್ದವರಿಗಷ್ಟೇ. ಸೋತ ತಂಡಕ್ಕೆ ತಲೆಗೊಂದು ಬಾಳೆಹಣ್ಣು, ಒಂದು ಮೊಳ ಮಲ್ಲಿಗೆ. ಸೋತವರ ಹೆಸರನ್ನು ಪುಸ್ತಕದಲ್ಲಿ ಬರೆಯುತ್ತಲೇ ಇರಲಿಲ್ಲ. ನಾನು ಸೋತಾಗಲೆಲ್ಲ ಆ ಬಾಳೆಹಣ್ಣನ್ನು ದಾರಿಯಲ್ಲಿ ಕಂಡ ಹಸುವಿಗೆ ಕೊಟ್ಟು, ಹಿತ್ತಲ ಬಾಗಿಲಿನಿಂದ ಮನೆಯೊಳಗೆ ಹೋಗುತ್ತಿದ್ದೆ.

ಇದನ್ನು ನಾನು ಹದಿನಾಲ್ಕು ವರ್ಷ ಸಹಿಸಿಕೊಂಡೆ ಎನ್ನುವುದಕ್ಕೆ ಈಗ ನಾಚಿಕೆಯಾಗುತ್ತದೆ. ನನ್ನ ಕಣ್ಣು ತೆರೆಸಿದ್ದು ನನ್ನ ಮಂಡಿ. ಹೋದ ವರ್ಷ ಒಂದೇ ತಿಂಗಳಲ್ಲಿ ನನ್ನ ಗಂಡನ ಭುಜ ಜಾರಿತು, ನನ್ನ ಮಂಡಿ ತಿರುಚಿತು. ಅವರು ಆರು ವಾರ ಜಗಲಿಯ ಮೇಲೆ ಮಲಗಿ ಕಡಲೆಕಾಯಿ ಬಿಡಿಸಿದರು, ಸಂಬಳ ಮನೆಗೇ ಬಂತು. ನನಗೆ ಸಮಿತಿಯಿಂದ ಎರಡು ಕಿತ್ತಳೆಹಣ್ಣು ಬಂತು. ಹತ್ತನೇ ದಿನ ನಾನು ಮಂಡಿಗೆ ಬಟ್ಟೆ ಸುತ್ತಿಕೊಂಡು ಅಂಕಣಕ್ಕಿಳಿದೆ. ಅವತ್ತಿನಿಂದ ಆ ಮಂಡಿ ನನ್ನ ಮಾತು ಸರಿಯಾಗಿ ಕೇಳಿಲ್ಲ. ಇನ್ನೊಂದು ವರ್ಷ, ಹೆಚ್ಚೆಂದರೆ ಒಂದೂವರೆ ವರ್ಷ ಆಡಬಹುದು ಎಂದು ನನಗೇ ಗೊತ್ತಿತ್ತು. ಅಷ್ಟರೊಳಗೆ ಆ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಸಂಬಳ ಎಂದು ಬರೆಸಬೇಕು, ಗಂಡಸರಿಗಿರುವಷ್ಟೇ ಬರೆಸಬೇಕು, ಬರೆಸದೆ ಅಂಕಣ ಬಿಡುವುದಿಲ್ಲ ಎಂದು ಹಟ ಹಿಡಿದೆ.

ಮನೆಯಲ್ಲಿ ಹೇಳಿದಾಗ ನನ್ನ ಗಂಡ ನಕ್ಕರು. "ನನ್ನ ಸಂಬಳ ಎಲ್ಲಿಗೆ ಬರುತ್ತೆ? ಇದೇ ಮನೆಗೆ ತಾನೆ? ನಿನಗೇನು ಕಮ್ಮಿ ಆಗಿದೆ?"

"ನಿಮ್ಮ ಉಸಿರು ಇದೇ ಮನೇಲಿ ಆಡುತ್ತೆ ಅಂತ ನಾನು ಉಸಿರಾಡೋದು ಬಿಡ್ಲಾ?" ಎಂದೆ. ಅವರು ಕಡಲೆಕಾಯಿ ಬುಟ್ಟಿಯನ್ನು ಆ ಕಡೆ ಸರಿಸಿ ಎದ್ದು ಹೋದರು. ಒಳಗಿದ್ದ ನಮ್ಮತ್ತೆ ಪುಟ್ಟಗೌರಮ್ಮ ಏನೂ ಹೇಳಲಿಲ್ಲ. ಅವರು ಏನೂ ಹೇಳಲಿಲ್ಲವೆಂದರೆ ಮನಸ್ಸಿನಲ್ಲೇ ಬೈಯುತ್ತಿದ್ದಾರೆ ಎಂದು ಅರ್ಥ. ನಮ್ಮಿಬ್ಬರಿಗೆ ಅಷ್ಟಕ್ಕಷ್ಟೆ.

ನಾವು ಎರಡೂ ತಂಡದ ಹೆಂಗಸರು ಸೇರಿ, ಸಂಬಳವನ್ನು ಗಂಡಸರಿಗಿರುವಷ್ಟಕ್ಕೆ ಹೆಚ್ಚಿಸಬೇಕು ಎಂದು ಅರ್ಜಿ ಬರೆದೆವು. ಎಂಟನೇ ದಿನಕ್ಕೆ ಅರ್ಜಿ ವಾಪಸ್ಸು ಬಂತು. ಅದರ ಮೇಲೆ ಗುಮಾಸ್ತರ ದುಂಡು ಅಕ್ಷರದಲ್ಲಿ ಹೀಗೆ ಬರೆದಿತ್ತು: ಮಹಿಳೆಯರಿಗೆ ಸಂಬಳವೇ ಇರುವುದಿಲ್ಲವಾದ್ದರಿಂದ ಅದನ್ನು ಹೆಚ್ಚಿಸಲು ಬರುವುದಿಲ್ಲ.

ನಾನು ಅರ್ಜಿ ಹಿಡಿದು ಉಗ್ರಪ್ಪನವರ ಹತ್ತಿರ ಹೋದೆ. ಅವರು ಕುರ್ಚಿ ಹಾಕಿಸಿದರು, ಮಜ್ಜಿಗೆ ತರಿಸಿದರು. "ನೋಡಮ್ಮ ಮಂಗಳಾ, ಸಂಬಳ ಅಂದ್ರೆ ಏನು? ಚಾಕರಿ. ಮನೆ ಹೆಣ್ಣುಮಕ್ಕಳನ್ನ ಚಾಕರಿಗೆ ಇಟ್ಕೊಂಡಿದೀವಿ ಅಂತ ಪುಸ್ತಕದಲ್ಲಿ ಬರ್ಕೊಳೋಕಾಗುತ್ತಾ? ಗೌರವಧನ ಅನ್ನೋದು ದೊಡ್ಡ ಮಾತು ಕಣಮ್ಮ. ನಿಮ್ಮನ್ನ ನಾವು ಮೇಲೆ ಇಟ್ಟಿದೀವಿ."

ಅವರು ಸುಳ್ಳು ಹೇಳುತ್ತಿರಲಿಲ್ಲ, ಅದೇ ಕಷ್ಟ. ಅವರು ಅದನ್ನು ನಿಜವಾಗಿಯೂ ನಂಬಿದ್ದರು. "ಸ್ವಾಮಿ, ನಮ್ಮ ಸರದಿಯ ಸಂಜೆಗೆ ಊರವರ ಹತ್ರ ಅರ್ಧ ಕಂದಾಯ ತಗೋತೀರಾ?" ಎಂದು ಕೇಳಿದೆ. ಅವರು ನನ್ನ ಲೋಟ ನೋಡಿ, "ಇನ್ನೊಂಚೂರು ಮಜ್ಜಿಗೆ?" ಎಂದರು.

ದಾರಿಯಲ್ಲಿ ಕೋಟೆಬೀದಿ ತಂಡದ ಕ್ಯಾಪ್ಟನ್ ನಫೀಸಾ ಕಾಯುತ್ತಿದ್ದಳು. ಅಂಕಣದಲ್ಲಿ ನನ್ನ ಕಾಲು ಹಿಡಿದರೆ ಬಿಡದವಳು, ಹೊರಗೆ ನನ್ನ ಜೀವದ ಗೆಳತಿ. ನಡೆದದ್ದನ್ನೆಲ್ಲ ಹೇಳಿದೆ. ಅವಳು ಉಗುರು ಕಚ್ಚುತ್ತಾ, "ಅಕ್ಕಾ, ಸಂಬಳ ಇಲ್ಲ ಅಂದ್ಮೇಲೆ ಹೊತ್ತು ಮುಳುಗ್ಸೋದು ನಮ್ಮ ಕೆಲಸ ಅಲ್ಲ ಅಂತಾಯ್ತಲ್ಲ?" ಎಂದಳು.

"ಹೌದಲ್ಲ ಕಣೇ."

"ಮತ್ಯಾಕೆ ಮುಳುಗಿಸ್ತಾ ಇದೀವಿ?"

ಅಲ್ಲೇ ಚರಂಡಿ ಕಟ್ಟೆಯ ಮೇಲೆ ಕುಳಿತು ತೀರ್ಮಾನ ಮಾಡಿದೆವು. ಆಟಕ್ಕೆ ಬರುವುದಿಲ್ಲ ಎಂದರೆ ಸಮಿತಿಯವರು ಅವತ್ತು ಗಂಡಸರನ್ನು ಇಳಿಸಿಬಿಡುತ್ತಾರೆ. ಆದರೆ ಒಮ್ಮೆ ಶುರುವಾದ ಪಂದ್ಯವನ್ನು ಶುರುಮಾಡಿದವರೇ ಮುಗಿಸಬೇಕು, ಅದನ್ನು ಬದಲಿಸಲು ಯಾವ ಸಮಿತಿಗೂ ಆಗುವುದಿಲ್ಲ. ಆಡೋಣ, ಚೆನ್ನಾಗಿಯೇ ಆಡೋಣ. ಮೂವತ್ತೊಂಬತ್ತು ಮೂವತ್ತೊಂಬತ್ತಕ್ಕೆ ತಂದು ನಿಲ್ಲಿಸೋಣ. ಆಮೇಲೆ ಗೆರೆ ದಾಟೋಣ, ಕಬಡ್ಡಿ ಕಬಡ್ಡಿ ಎನ್ನೋಣ, ಯಾರನ್ನೂ ಮುಟ್ಟದೆ ವಾಪಸ್ಸು ಬರೋಣ. ಖಾಲಿ ರೈಡ್ ಮಾಡಬಾರದು ಎಂದು ನಮ್ಮೂರ ನಿಯಮದಲ್ಲಿ ಎಲ್ಲೂ ಇಲ್ಲ.

ದಿನ ಆರಿಸಿದ್ದು ನಾನು. ಸಮಿತಿಯ ಐವರಲ್ಲಿ ನಾಲ್ವರು ಸಂಕಷ್ಟಿ ಮಾಡುವವರು. ಅವತ್ತು ಬೆಳಗಿನಿಂದ ಉಪವಾಸವಿದ್ದು ಚಂದ್ರನನ್ನು ನೋಡಿದ ಮೇಲೆಯೇ ಊಟ. ಆ ತಿಂಗಳ ಸಂಕಷ್ಟಿ ನಮ್ಮ ಸರದಿಯ ದಿನವೇ ಬಿದ್ದಿತ್ತು. ಹೊತ್ತೇ ಮುಳುಗದಿದ್ದರೆ ಚಂದ್ರ ಎಲ್ಲಿಂದ ಬರಬೇಕು? ನಫೀಸಾ ಕೇಳಿ ಬಿದ್ದು ಬಿದ್ದು ನಕ್ಕಳು. "ಸದ್ಯ ರೋಜಾ ತಿಂಗಳಲ್ಲಿ ಮಾಡ್ಲಿಲ್ಲ, ನಮ್ಮಮ್ಮ ನನ್ನ ಹೂತುಹಾಕ್ತಿದ್ರು" ಎಂದಳು. ನಮ್ಮತ್ತೆಯೂ ಮೂವತ್ತು ವರ್ಷದಿಂದ ಸಂಕಷ್ಟಿ ಮಾಡುತ್ತಾರೆ ಎಂಬುದು ನನಗೆ ಮರೆತಿತ್ತು ಎಂದರೆ ಸುಳ್ಳಾಗುತ್ತದೆ. ನೆನಪಿತ್ತು. ಎಪ್ಪತ್ತೆರಡು ವರ್ಷದ ಹೆಂಗಸು ಹನಿ ನೀರೂ ಕುಡಿಯುವುದಿಲ್ಲ ಎಂಬುದೂ ನೆನಪಿತ್ತು. ನೆನಪಿದ್ದೂ ಆ ದಿನವನ್ನೇ ಆರಿಸಿದೆ, ಅವರಿಗೆ ಹೇಳಲೂ ಇಲ್ಲ.

ಅವತ್ತು ಆಟ ಮೊದಮೊದಲು ಬೆಂಕಿಯಂತೆ ನಡೆಯಿತು. ಜನ ಎದ್ದು ನಿಂತು ಶಿಳ್ಳೆ ಹಾಕಿದರು. ಮೂವತ್ತೊಂಬತ್ತು ಮೂವತ್ತೊಂಬತ್ತು ಆದಾಗ ಬಸ್ಸಿನ ಡ್ರೈವರು ಹಾರ್ನ್ ಮಾಡಿದ, ಹೂವಿನವರು ಬುಟ್ಟಿ ಎತ್ತಿಕೊಂಡರು. ನಾನು ರೈಡ್ ಹೋದೆ, ಗಾಳಿ ಮುಟ್ಟಿ ವಾಪಸ್ಸು ಬಂದೆ. ನಫೀಸಾ ಬಂದಳು, ನಮಗೆಲ್ಲ ಒಂದು ಸುತ್ತು ಮುಖ ತೋರಿಸಿ ಹೋದಳು. ಹತ್ತು ಖಾಲಿ ರೈಡ್ ಆಗುವ ತನಕ ಜನ ಉಸಿರು ಬಿಗಿಹಿಡಿದಿದ್ದರು. ಇಪ್ಪತ್ತಕ್ಕೆ ಗೊಣಗಿದರು. ನಲವತ್ತಕ್ಕೆ ಅರ್ಥವಾಯಿತು.

ಅಲ್ಲಿಂದ ಮುಂದೆ ಎಷ್ಟು ಹೊತ್ತಾಯಿತು ಎಂದು ಹೇಳುವುದು ಕಷ್ಟ, ಚಿಮಣಿಯ ನೆರಳು ಇದ್ದಲ್ಲೇ ಇತ್ತು. ಟೀ ಅಂಗಡಿಯಲ್ಲಿ ಹಾಲು ಮೂರು ಸಲ ಮುಗಿಯಿತು. ಕೋಳಿಗಳು ಗೂಡಿನ ಬಾಗಿಲಿಗೆ ಹೋಗಿ, ಬೆಳಕು ನೋಡಿ, ವಾಪಸ್ಸು ಬಂದು ಮತ್ತೆ ಕೆದಕಿದವು. ಮೊಗ್ಗು ಅರಳಲಿಲ್ಲ. ಮಿಲ್ಲಿನ ಸೈರನ್ನು ಹೊತ್ತು ಮುಳುಗಿದಾಗಲೇ ಕೂಗುವುದು. ಅದು ಕೂಗದೆ ಪಾಳಿಯವರು ಹೊರಗೆ ಬರುವಂತಿರಲಿಲ್ಲ. ಕೊನೆಗೆ ಅವರೇ ಮೆಷಿನು ನಿಲ್ಲಿಸಿ ಬಂದರು. ಬರುವಾಗ ಬೈಯುತ್ತಾ ಬಂದವರು, ವಿಷಯ ಕೇಳಿದ ಮೇಲೆ ಬೇಲಿ ಹಿಡಿದು ಆಟ ನೋಡುತ್ತಾ ನಿಂತರು. ಅವರಲ್ಲಿ ಅರ್ಧ ಜನ ಹೆಂಗಸರೇ ಇದ್ದರು. ಒಬ್ಬಳು, "ಮುಟ್ಬೇಡ ಕಣಕ್ಕೋ, ಹಂಗೇ ಬಾ!" ಎಂದು ಕೂಗಿದಳು. ಖಾಲಿ ರೈಡಿಗೆ ಚಪ್ಪಾಳೆ ಬಿದ್ದದ್ದು ನಾನು ಅವತ್ತೇ ಕೇಳಿದ್ದು.

ಸಮಿತಿಯವರು ಪಕ್ಕದ ಬಯಲಲ್ಲಿ ಸುಣ್ಣದ ಗೆರೆ ಹಾಕಿಸಿ ಗಂಡಸರ ಪಂದ್ಯ ಇಡಿಸಿದರು. ನನ್ನ ಗಂಡನೂ ಹೋದರು. ಅವರ ತಂಡ ನಲವತ್ತು ಪಾಯಿಂಟು ಹೊಡೆದು ಗೆದ್ದಿತು, ಸೀಟಿಯೂ ಆಯಿತು. ಅಲ್ಲಿದ್ದವರೆಲ್ಲ ತಲೆಯೆತ್ತಿ ಚಿಮಣಿ ನೋಡಿದರು. ಸೂರ್ಯ ಕದಲಲಿಲ್ಲ. ಅವನು ನಮ್ಮ ಕಡೆಗೇ ನೋಡುತ್ತಿದ್ದ. ಸ್ವಲ್ಪ ಹೊತ್ತಿಗೆ ನನ್ನ ಗಂಡ ಬೆವರು ಒರೆಸುತ್ತಾ ಬಂದು ನಮ್ಮ ಬೇಲಿಯ ಪಕ್ಕ ಕುಳಿತರು. ನಾನು ರೈಡ್ ಮುಗಿಸಿ ಆ ಕಡೆ ಹೋದಾಗ ತಲೆ ತಗ್ಗಿಸಿಕೊಂಡೇ, "ಹೊತ್ತು ಮುಳುಗದ ಆಟಕ್ಕೂ ಗುಮಾಸ್ತರು ನಮಗೆ ಸಂಬಳ ಕೊಟ್ರು ಕಣೇ. ಈಸ್ಕೊಳೋಕೆ ಒಂಥರಾ ಆಯ್ತು. ಅಲ್ಲೇ ಇಟ್ಟು ಬಂದೆ" ಎಂದರು. ಮದುವೆಯಾದ ಮೇಲೆ ಮೊದಲ ಸಲ ಅವರ ಮೇಲೆ ಹೆಮ್ಮೆಯಾಯಿತು. ಹೇಳಲಿಲ್ಲ, ತಲೆಗೇರುತ್ತದೆ.

ನನ್ನ ಮಂಡಿ ಅಷ್ಟರಲ್ಲಿ ಕುಂಬಳಕಾಯಿಯಾಗಿತ್ತು. ಮುನ್ನೂರನೇ ರೈಡೋ ಏನೋ, ಗೆರೆ ದಾಟಿ ತಿರುಗುವಾಗ ನಮ್ಮ ಬೀದಿಯ ಆಟೋ ಬಂದು ನಿಂತದ್ದು ಕಂಡಿತು. ಅದರಿಂದ ನಮ್ಮತ್ತೆ ಇಳಿದರು. ಅವರ ತೋಳು ಹಿಡಿದುಕೊಂಡಿದ್ದವರು ಉಗ್ರಪ್ಪನವರು. ಅತ್ತೆಯ ತುಟಿ ಒಣಗಿ ಬಿಳಚಿಕೊಂಡಿತ್ತು, ನಡೆಯುವಾಗ ಕಾಲು ತೊಡರುತ್ತಿತ್ತು. ಇಷ್ಟು ಹೊತ್ತು ಸಮಿತಿಯ ಹಸಿವನ್ನು ಲೆಕ್ಕ ಹಾಕಿದ್ದ ನಾನು ಈ ಮುಖವನ್ನು ಬೇಕೆಂದೇ ಲೆಕ್ಕಕ್ಕೆ ತಂದುಕೊಂಡಿರಲಿಲ್ಲ. ಮುಗಿಸಿಬಿಡೋಣ ಎನ್ನಿಸಿತು. ಮುಂದಿನ ರೈಡಿನಲ್ಲಿ ಯಾರನ್ನಾದರೂ ಮುಟ್ಟಿದರೆ ಆಯಿತು, ಚಂದ್ರ ಬರುತ್ತಾನೆ, ಮುದುಕಿ ಉಣ್ಣುತ್ತದೆ. ನಿಜವಾಗಿಯೂ ಅಷ್ಟು ಹತ್ತಿರಕ್ಕೆ ಬಂದಿದ್ದೆ.

ಅತ್ತೆಯನ್ನು ಬೆಂಚಿನ ಮೇಲೆ ಕೂರಿಸಿ ಉಗ್ರಪ್ಪನವರು, "ನೀವೊಂದು ಮಾತು ಹೇಳಿ ತಾಯಿ. ಸೊಸೆ ನಿಮ್ಮ ಮಾತು ಮೀರಲ್ಲ" ಎಂದರು. ಅವರ ಮುಖವೂ ಬಾಡಿತ್ತು, ಪಾಪ.

ಅತ್ತೆ ನನ್ನನ್ನು ಕರೆದರು. ಬೇಲಿಯ ಹತ್ತಿರ ಹೋದೆ. "ಇವತ್ತು ಸಂಕಷ್ಟಿ ಅಂತ ಗೊತ್ತಿತ್ತಾ ನಿನಗೆ?"

"ಗೊತ್ತಿತ್ತು ಅತ್ತೆ."

"ಗೊತ್ತಿದ್ದೂ ಮಾಡಿದ್ಯಾ?"

"ಮಾಡಿದೆ."

ಅವರು ನನ್ನ ಊದಿದ ಮಂಡಿ ನೋಡಿದರು. ಆಮೇಲೆ ಉಗ್ರಪ್ಪನವರ ಕಡೆ ತಿರುಗಿದರು. "ನಿಮಗೂ ಉಪವಾಸವಾ ಸ್ವಾಮಿ?"

"ಹೌದು ತಾಯಿ."

"ಹಸಿವಾಗಿದ್ಯಾ?"

"ಹೊಟ್ಟೆ ತಾಳ ಹಾಕ್ತಾ ಇದೆ ತಾಯಿ."

"ನನಗೂ ಅಷ್ಟೇ. ನೀವು ಗಂಡಸರು ಅಂತ ನಿಮ್ಮ ಹಸಿವು ಎರಡರಷ್ಟು, ನನ್ನದು ಅರ್ಧ, ಹಂಗೇನಾದ್ರೂ ಇದ್ಯಾ?" ಉತ್ತರಕ್ಕೂ ಕಾಯದೆ ಅತ್ತೆ ಮುಂದುವರಿಸಿದರು. "ಮನೇಲಿ ಆಡಿ ಬಂದೋರು ಇಬ್ರು ಕೂತ್ಕೋತಾರೆ. ಇಬ್ರಿಗೂ ನಾನು ಬಡ್ಸೋದು ಒಂದೇ ಸೌಟಲ್ಲಿ. ಮಗನಿಗೆ ಊಟ, ಸೊಸೆಗೆ ಪ್ರಸಾದ ಅಂತ ಚೂರು ಕೈಗೆ ಹಾಕಿ ಕಳ್ಸಿದ್ರೆ ಅವಳು ನಾಳೆ ಹೆಂಗೆ ಆಡ್ತಾಳೆ? ಪ್ರಸಾದ ದೊಡ್ಡದೇ ಸ್ವಾಮಿ, ಇಲ್ಲ ಅನ್ನಲ್ಲ. ಹೊಟ್ಟೆ ತುಂಬಲ್ಲ."

ಬೇಲಿಯ ಆಚೆ ಯಾರೋ ಕಿಸಕ್ಕೆಂದರು. ಅತ್ತೆ ಸೆರಗು ತಲೆಯ ಮೇಲೆ ಎಳೆದುಕೊಂಡು ಬೆಂಚಿಗೊರಗಿದರು. "ನಾನು ಇಲ್ಲೇ ಕೂತಿರ್ತೀನಿ. ನನಗೇನಾದ್ರೂ ಆದ್ರೆ ಸೊಸೆ ತಪ್ಪಲ್ಲ ಅಂತ ಎಲ್ರೂ ಕೇಳಿಸ್ಕೊಳ್ರಿ. ಒಂದು ಪದ ಬರ್ಯೋಕೆ ಇಷ್ಟು ಹೊತ್ತು ತಗೊಂಡೋರ ತಪ್ಪು." ಆಮೇಲೆ ನನಗೆ ಮಾತ್ರ ಕೇಳುವ ಹಾಗೆ, "ಮನೆಗೆ ಬಾ, ನಿನಗೆ ಮಾಡ್ತೀನಿ" ಎಂದರು.

ನಾನು ಕಣ್ಣೊರೆಸಿಕೊಂಡು ಅಂಕಣಕ್ಕೆ ಹೋದೆ. ಇನ್ನೂ ಮುನ್ನೂರು ರೈಡ್ ಆಗಲಿ, ಮಂಡಿ ಕಳಚಿಕೊಂಡು ಕೈಗೆ ಬರಲಿ, ಇನ್ನು ಹಿಂದೆ ಸರಿಯುವ ಮಾತೇ ಇರಲಿಲ್ಲ.

ಅಷ್ಟು ಬೇಕಾಗಲಿಲ್ಲ. ಏಳೋ ಎಂಟೋ ರೈಡಿನ ನಂತರ ಉಗ್ರಪ್ಪನವರು ಗುಮಾಸ್ತರನ್ನು ಕರೆದು ಪುಸ್ತಕ ತರಿಸಿದರು. ನನ್ನನ್ನೂ ನಫೀಸಾಳನ್ನೂ ಗೆರೆಯ ಹತ್ತಿರ ಕರೆದರು. "ಗಂಡಸರಿಗೆ ಕೊಡೋಷ್ಟೇ ಕೊಡೋಣಮ್ಮ. ಪೆಟ್ಟಾದ್ರೆ ರಜೆನೂ ಕೊಡೋಣ. ಪದ ಮಾತ್ರ ಒಂಚೂರು ನಯವಾಗಿರ್ಲಿ. ಗೌರವ ಸಂಬಳ ಅಂತ ಬರ್ಯೋಣ್ವಾ?"

ನಫೀಸಾ ನನ್ನ ಮುಖ ನೋಡಿದಳು. ಒಂದು ಗಳಿಗೆ ನಾನೂ ಯೋಚಿಸಿದೆ. ಅಷ್ಟೇ ದುಡ್ಡು, ಅಷ್ಟೇ ರಜೆ, ಹೆಸರು ಏನಾದರೇನು? ಆದರೆ ನಾಳೆ ನಾನಿಲ್ಲದಾಗ ಯಾರೋ ಒಬ್ಬರು ಆ ಪುಟ ತೆರೆದು, ಗೌರವ ಗೆದ್ದವರಿಗೆ ತಾನೆ ಎಂದು ಕೇಳುತ್ತಾರೆ. ಮತ್ತೆ ಬಾಳೆಹಣ್ಣು ಬರುತ್ತದೆ.

"ಗೌರವ ನಿಮ್ಮ ಮನಸ್ಸಲ್ಲಿ ಇಟ್ಕೊಳಿ ಸ್ವಾಮಿ, ನಮಗೆ ಸಂತೋಷ" ಎಂದೆ. "ಪುಸ್ತಕದಲ್ಲಿ ಸಂಬಳ ಅಂತ ಬರೀರಿ. ಗೆದ್ದೋರಿಗೂ ಸೋತೋರಿಗೂ."

ಗುಮಾಸ್ತರು ಪೆನ್ನಿನ ಕ್ಯಾಪು ತೆಗೆದು ಉಗ್ರಪ್ಪನವರ ಮುಖ ನೋಡಿದರು. ಉಗ್ರಪ್ಪನವರು ಬೆಂಚಿನ ಕಡೆ ನೋಡಿದರು. ನಮ್ಮತ್ತೆ ಕಣ್ಣು ಮುಚ್ಚಿ ಕುಳಿತಿದ್ದರು. "ಬರೀರಿ" ಎಂದರು. ಗೌರವಧನ ಎಂಬುದರ ಮೇಲೆ ಗುಮಾಸ್ತರು ಅಡಿಪಟ್ಟಿ ಇಟ್ಟು ನೀಟಾಗಿ ಗೆರೆ ಎಳೆದರು, ಅದರ ಮೇಲೆ ಸಂಬಳ ಎಂದು ಬರೆದರು. ಐವರೂ ರುಜು ಹಾಕಿದರು. ನಾನು ಎರಡು ಸಲ ಓದಿದೆ. ನಫೀಸಾ ಮೂರು ಸಲ ಓದಿದಳು.

"ಈಗ ಆಟ" ಎಂದಳು ಅವಳು. ಅವಳ ಕಣ್ಣು ಬದಲಾಗಿತ್ತು. ಈ ಕಣ್ಣು ನನಗೆ ಹದಿನಾಲ್ಕು ವರ್ಷದಿಂದ ಗೊತ್ತು.

ರೈಡ್ ನನ್ನದಿತ್ತು. ಇದೊಂದು ಪಂದ್ಯ ಗೆಲ್ಲಬೇಕು ಎನ್ನುವ ಆಸೆ ನನಗೆ ಎಷ್ಟಿತ್ತೆಂದರೆ, ಮಂಡಿ ಇರುವುದನ್ನೇ ಮರೆತೆ. ಗೆರೆ ದಾಟಿ ಎಡಕ್ಕೆ ಹೋಗುವ ಹಾಗೆ ಮಾಡಿ ಬಲಕ್ಕೆ ತಿರುಗಿದೆ, ಕೈ ಚಾಚಿದೆ, ಅವರ ಮೂಲೆಯ ಹುಡುಗಿಯ ಜಡೆ ಗಾಳಿಯಲ್ಲಿ ಬೆರಳಿಗೆ ಸಿಕ್ಕೇಬಿಟ್ಟಿತು ಎನ್ನುವಷ್ಟರಲ್ಲಿ ನಫೀಸಾ ಹಿಂದಿನಿಂದ ನನ್ನ ಕಾಲು ಹಿಡಿದಳು. ಬಿದ್ದೆ. ತೆವಳಿದೆ. ನಾಲ್ಕು ಜನ ಮೇಲೆ ಬಿದ್ದರು. ಮಧ್ಯದ ಗೆರೆ ನನ್ನ ಬೆರಳಿಗೆ ಒಂದು ಗೇಣು ದೂರದಲ್ಲಿತ್ತು. ಕಬಡ್ಡಿ ಕಬಡ್ಡಿ ಎನ್ನುತ್ತಾ ಎಳೆದೆ, ಗೇಣು ಅರ್ಧ ಗೇಣಾಯಿತು, ಅಲ್ಲಿಗೆ ಉಸಿರು ಮುಗಿಯಿತು.

ಉದ್ದ ಸೀಟಿ ಕೇಳಿಸಿತು. ಮಣ್ಣಿನಲ್ಲಿ ಕೆನ್ನೆಯಿಟ್ಟು ಮಲಗಿದ್ದಲ್ಲಿಂದಲೇ ನೋಡಿದೆ. ಚಿಮಣಿಯ ಪಕ್ಕದಲ್ಲಿದ್ದ ಸೂರ್ಯ ಇಳಿದುಹೋದ. ಮಿಲ್ಲಿನ ಸೈರನ್ನು ಕೂಗಿತು, ಬಸ್ಸು ಹೊರಟಿತು, ಹೂವಿನ ಬುಟ್ಟಿಗಳಿಂದ ಒಂದೇ ಸಲಕ್ಕೆ ಮಲ್ಲಿಗೆಯ ವಾಸನೆ ಎದ್ದಿತು. ನಫೀಸಾ ನನ್ನನ್ನು ಎತ್ತಿ ನಿಲ್ಲಿಸಿದಳು. ಸೋತ ಸಿಟ್ಟಿಗೆ ಅವಳ ಬೆನ್ನಿಗೊಂದು ಗುದ್ದಿದೆ, ಆಮೇಲೆ ತಬ್ಬಿಕೊಂಡೆ.

ಗುಮಾಸ್ತರು ದೀಪ ಹಚ್ಚಿಕೊಂಡು ಪುಸ್ತಕ ಬಿಚ್ಚಿದರು. ಅಭ್ಯಾಸಬಲದಿಂದ ನನ್ನ ಕೈಗೆ ಮೊದಲು ಬಾಳೆಹಣ್ಣು, ಹೂವು ಕೊಟ್ಟುಬಿಟ್ಟರು. ಕೊಟ್ಟಮೇಲೆ ನಾಲಿಗೆ ಕಚ್ಚಿಕೊಂಡು ವಾಪಸ್ಸು ಕೇಳಲು ಕೈ ಚಾಚಿದರು. "ಇರ್ಲಿ ಬಿಡಿ, ಬೇಕಾಗುತ್ತೆ" ಎಂದು, ಆಟದ ಬಟ್ಟೆಗೆ ಸೆರಗಿಲ್ಲದ್ದರಿಂದ ಕಂಕುಳಲ್ಲಿ ಸಿಕ್ಕಿಸಿಕೊಂಡೆ. ಮಣ್ಣಿನ ಕೈಯಲ್ಲೇ ರುಜು ಹಾಕಿದೆ. ಸೋತ ದಿನ ಆ ಪುಸ್ತಕದಲ್ಲಿ ನನ್ನ ಹೆಸರು ಬಂದದ್ದು ಅದೇ ಮೊದಲು.

ಕಾದು ಕಾದು ಸಾಕಾಗಿತ್ತೋ ಏನೋ, ಸೂರ್ಯ ಇಳಿದ ಬೆನ್ನಿಗೇ ಬಯಲಿನ ಆಚೆಯಿಂದ ಚಂದ್ರ ಎದ್ದ. ಬೆಂಚಿನ ಹತ್ತಿರ ಹೋಗುವಷ್ಟರಲ್ಲಿ ನನ್ನ ಗಂಡ ಅತ್ತೆಯನ್ನು ಎಬ್ಬಿಸಿ ನಿಲ್ಲಿಸಿದ್ದರು. ನಾನು ಕೊಟ್ಟ ಹೂವನ್ನು ಅತ್ತೆ ಚಂದ್ರನಿಗೆ ತೋರಿಸಿ ಕಣ್ಣಿಗೊತ್ತಿಕೊಂಡರು. ಬಾಳೆಹಣ್ಣು ಸುಲಿದು ಅರ್ಧ ಮುರಿದು ಉಗ್ರಪ್ಪನವರಿಗೆ ಕೊಟ್ಟರು, ಉಳಿದರ್ಧ ತಾವು ತಿಂದರು. ಬಾಯಿ ಒರೆಸಿಕೊಂಡು ನನ್ನನ್ನು ಕೇಳಿದರು:

"ಸೋತ್ಯಾ?"

"ಸೋತೆ ಅತ್ತೆ."

"ಸಂಬಳ ಬಂತಾ?"

"ಬಂತು."

"ಮತ್ಯಾಕೆ ಮುಖ ಸಣ್ಣ ಮಾಡ್ಕೊಂಡಿದೀಯ? ನಡಿ, ಊಟ ಮಾಡು. ನಾಡಿದ್ದು ಮತ್ತೆ ಕೆಲಸ ಇದೆ."

ಒಂದು ಕಡೆ ಗಂಡನ ಭುಜ, ಇನ್ನೊಂದು ಕಡೆ ಅತ್ತೆಯ ಕೈ ಹಿಡಿದುಕೊಂಡು ಕುಂಟುತ್ತಾ ಹೊರಟೆ. ಸೋತವಳು ಅವತ್ತು ಮುಂಬಾಗಿಲಿನಿಂದಲೇ ಮನೆಯೊಳಗೆ ಹೋದೆ.